ಮಂತ್ರವಾದಿಯ ಬಾಯಲ್ಲಿ ‘ಕ್ವಾಂಟಮ್’: ತಪ್ಪಾಗುವುದು ಎಲ್ಲಿ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮಂತ್ರ ನಡೆಯುವ ಒಂದು ಕಲ್ಪನೆಯ ನಾಡಿನ ಕಥೆ. ಅಲ್ಲಿ ರಾಜರಿದ್ದಾರೆ, ಬೆಟ್ಟದ ಮೇಲೆ ಕೋಟೆ ಇದೆ, ಕರೆಂಟ್ ಇಲ್ಲ. ಒಬ್ಬ ಮಂತ್ರವಾದಿ ದೊಡ್ಡ ಬಂಡೆಯೊಂದನ್ನು ಕೋಟೆಯ ಎತ್ತರಕ್ಕೆ ಎತ್ತುತ್ತಾನೆ. ಹೇಗೆ ಅಂತ ಶಿಷ್ಯೆ ಕೇಳಿದಾಗ, ‘ನನ್ನ ಪ್ರಾಣಶಕ್ತಿಯ ಕ್ವಾಂಟಮ್ ಫ್ರೀಕ್ವೆನ್ಸಿ ಹೆಚ್ಚಿಸಿದೆ, ಕಾಸ್ಮಿಕ್ ಎನರ್ಜಿ ಎಳೆದುಕೊಂಡು ಗುರುತ್ವವನ್ನು ನಿಲ್ಲಿಸಿದೆ’ ಅನ್ನುತ್ತಾನೆ. ಬಿಎಸ್ಸಿ ಓದುವ ನನ್ನ ಗೆಳತಿ ಇದನ್ನು ಓದಿ ‘ಒಂದು ಪದವೂ ಸರಿಯಿಲ್ಲ’ ಅಂದಳು. ಮಂತ್ರವೇ ಕಲ್ಪನೆ ಅಂದ ಮೇಲೆ ಅದರಲ್ಲಿ ಸರಿ ತಪ್ಪು ಎಲ್ಲಿಂದ ಬಂತು? ವಿಜ್ಞಾನದ ಪದಗಳನ್ನೆಲ್ಲ ತೆಗೆದುಹಾಕಬೇಕಾ? ಕನ್ನಡದಲ್ಲೇ ಬರೆಯೋಣ ಅಂದರೆ ಶಕ್ತಿ, ಬಲ, ಧಾತು ಎಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಏನು ಮಾಡಲಿ?

ಉತ್ತರ: ಮೊದಲು ನಿಮಗೆ ಧೈರ್ಯ ಹೇಳುತ್ತೇನೆ. ಮಂತ್ರವಾದಿ ಬಂಡೆ ಎತ್ತಿದ್ದರಲ್ಲಿ ಯಾವ ತಪ್ಪೂ ಇಲ್ಲ. ಅದು ನಿಮ್ಮ ನಾಡು. ಅಲ್ಲಿ ಮಂತ್ರಕ್ಕೆ ಬಂಡೆ ಏಳುತ್ತದೆ ಅಂದರೆ ಏಳುತ್ತದೆ. ಓದುಗರು ಮೊದಲ ಪುಟದಲ್ಲೇ ಅದನ್ನು ಒಪ್ಪಿಕೊಂಡು ಕೂತಿರುತ್ತಾರೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇತ್ತು ಅಂತ ಅಜ್ಜಿ ಹೇಳಿದಾಗ ನಾವ್ಯಾರೂ ‘ಅದು ಹೇಗೆ’ ಅಂತ ಕೇಳಲಿಲ್ಲ, ಅಲ್ವಾ? ಅಜ್ಜಿ ಆ ಕಥೆಯಲ್ಲಿ ‘ಕ್ವಾಂಟಮ್’ ಅನ್ನಲಿಲ್ಲ. ಅಂದಿದ್ದರೆ ಕೇಳುತ್ತಿದ್ದೆವು.

ನಿಮ್ಮ ಗೆಳತಿ ಎಡವಿದ್ದೂ ಅಲ್ಲೇ. ಬಂಡೆ ಎದ್ದದ್ದನ್ನು ಅವಳು ನಂಬಿದಳು. ಅದಕ್ಕೆ ಕೊಟ್ಟ ವಿವರಣೆಯನ್ನು ನಂಬಲಿಲ್ಲ. ನಾನು ಕೋಲಾರದಲ್ಲಿ ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿದವನು. ಪದ ಗೊತ್ತಿದ್ದರೆ ವಿಷಯ ಗೊತ್ತಿದೆ ಅಂದುಕೊಳ್ಳುವ ಮಕ್ಕಳನ್ನು ವರ್ಷವರ್ಷವೂ ನೋಡಿದ್ದೇನೆ. ಅದಕ್ಕೇ ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತೇನೆ.

ದಿನಬಳಕೆಯ ಪದ ಸಡಿಲವಾಗಿರುತ್ತದೆ. ‘ಅವರ ಮಾತಿಗೆ ತೂಕ ಇದೆ’ ಅನ್ನುತ್ತೇವೆ, ಯಾರೂ ತಕ್ಕಡಿ ತರುವುದಿಲ್ಲ. ವಿಜ್ಞಾನದ ಪದ ಹಾಗಲ್ಲ. ಅದು ತನ್ನ ಜೊತೆ ಎರಡನ್ನು ಕಟ್ಟಿಕೊಂಡೇ ಬರುತ್ತದೆ. ಒಂದು, ಅಳತೆ. ಇನ್ನೊಂದು, ‘ಆಗಲ್ಲ’ ಅನ್ನುವ ಮಾತು. ಶಕ್ತಿ ಅಂದ ಕೂಡಲೇ ಎಷ್ಟು ಅಂತ ಹೇಳಬೇಕಾಗುತ್ತದೆ. ಅದು ಎಲ್ಲಿಂದಲೋ ಬಂದಿರಬೇಕು, ಸುಮ್ನೆ ಹುಟ್ಟೋಕೆ ಆಗಲ್ಲ ಅಂತಲೂ ಒಪ್ಪಬೇಕಾಗುತ್ತದೆ. ಪದ ಬೇಕು, ಈ ‘ಆಗಲ್ಲ’ ಬೇಡ ಅಂದರೆ ಉಳಿಯುವುದು ಸದ್ದು ಮಾತ್ರ.

ಇದು ನಿಮಗೆ ಹೊಸದೇನಲ್ಲ. ನಿಮ್ಮೂರಿನಲ್ಲಿ ಹುಳ ಸಾಕುವವರು ‘ಮೂರನೇ ಜ್ವರ ಎದ್ದಿದೆ’ ಅನ್ನುತ್ತಾರೆ. ಹುಳಕ್ಕೆ ಮೈ ಬಿಸಿಯಾಗಿಲ್ಲ, ಯಾರೂ ಮಾತ್ರೆ ತರುವುದಿಲ್ಲ. ಅದು ಪೊರೆ ಬಿಡುವ ಹೊತ್ತು. ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಇಂಥ ಜ್ವರ ನಾಲ್ಕು ಸಲ ಬರುತ್ತದೆ. ಆಗ ಸೊಪ್ಪು ಹಾಕಬಾರದು. ಎಲ್ಲ ಹುಳ ಎದ್ದ ಮೇಲೇ ಹಾಕಬೇಕು. ನೋಡಿ, ಈ ಒಂದು ಪದದಲ್ಲಿ ಎಣಿಕೆ ಇದೆ, ಲಕ್ಷಣ ಇದೆ, ‘ಮಾಡಬಾರದು’ ಇದೆ. ಪೇಟೆಯವನೊಬ್ಬ ಬಂದು ‘ನಿಮ್ಮ ಹುಳಕ್ಕೆ ಆರನೇ ಜ್ವರ ಬಂದಿದೆಯಾ’ ಅಂತ ಕೇಳಿದರೆ ನಿಮಗೆ ಹೇಗನ್ನಿಸುತ್ತದೆ? ನಿಮ್ಮ ಗೆಳತಿಗೆ ‘ಕ್ವಾಂಟಮ್ ಫ್ರೀಕ್ವೆನ್ಸಿ’ ಓದಿದಾಗ ಅನ್ನಿಸಿದ್ದು ಅದೇ.

ಈಗ ಮಂತ್ರವಾದಿಯ ಮಾತನ್ನೇ ಬಿಡಿಸೋಣ. ‘ಶಕ್ತಿ’ಯಿಂದ ಶುರು ಮಾಡುತ್ತೇನೆ, ಅದರಲ್ಲೇ ಜಾಸ್ತಿ ಸ್ವಾರಸ್ಯ ಇದೆ.

ನಮ್ಮ ಪಠ್ಯಪುಸ್ತಕಗಳು ಮೂರು ಪದಗಳನ್ನು ಬೇರೆ ಬೇರೆ ಇಟ್ಟಿವೆ. ಬಲ ಅಂದರೆ ತಳ್ಳುವುದು, ಎಳೆಯುವುದು. ಶಕ್ತಿ ಅಂದರೆ ಕೆಲಸ ಮಾಡುವ ಬಂಡವಾಳ, ಅದನ್ನು ಜೂಲ್‌ನಲ್ಲಿ ಅಳೆಯುತ್ತೇವೆ. ಸಾಮರ್ಥ್ಯ ಅಂದರೆ ಆ ಬಂಡವಾಳವನ್ನು ಎಷ್ಟು ಬೇಗ ಖರ್ಚು ಮಾಡುತ್ತೇವೆ ಅನ್ನುವುದು, ಅದು ವ್ಯಾಟ್‌ನಲ್ಲಿ. ಮನೆಮಾತಿನಲ್ಲಿ ಮೂರನ್ನೂ ‘ಶಕ್ತಿ’ ಅಂತಲೇ ಅನ್ನುತ್ತೇವೆ, ಅದು ತಪ್ಪೇನಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್ ಅಂದಾಗ ಅದು ಸಾಮರ್ಥ್ಯದ ಲೆಕ್ಕ. ಅದು ಪೂರ್ತಿ ಬಿಸಿಲಿನಲ್ಲಿ ಒಂದು ಗಂಟೆ ಅಷ್ಟೇ ವೇಗದಲ್ಲಿ ಓಡಿದರೆ 20.5 ಲಕ್ಷ ಯೂನಿಟ್ ಕರೆಂಟ್ ಬರುತ್ತದೆ. ಈ ಯೂನಿಟ್ ಶಕ್ತಿಯ ಲೆಕ್ಕ. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್.

ನಿಮ್ಮ ಬಂಡೆ ಹತ್ತು ಟನ್ ಇರಲಿ, ಕೋಟೆ ಗೋಡೆ ಮೂವತ್ತು ಮೀಟರ್ ಇರಲಿ. ಎತ್ತಲು ಬೇಕಾದ ಶಕ್ತಿ ಸುಮಾರು 29 ಲಕ್ಷ ಜೂಲ್. ಅಂದರೆ ಒಂದು ಯೂನಿಟ್ ಕರೆಂಟಿಗಿಂತ ಕಡಿಮೆ! ಮೊದಲ ಸಲ ಈ ಲೆಕ್ಕ ಮಾಡಿಸಿದಾಗ ನನ್ನ ವಿದ್ಯಾರ್ಥಿಗಳು ಯಾರೂ ನಂಬುತ್ತಿರಲಿಲ್ಲ. ಊಟದ ಲೆಕ್ಕದಲ್ಲಿ ಹೇಳಿದರೆ ಅದು ಸುಮಾರು 700 ಕಿಲೋಕ್ಯಾಲೊರಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 320ರ ಆಸುಪಾಸು ಇರುತ್ತದೆ. ಹಾಗಾದರೆ ಕಾಲು ಕೆಜಿಗಿಂತ ಕಡಿಮೆ ಹಿಟ್ಟಿನ ಮುದ್ದೆಯಲ್ಲಿ ಆ ಬಂಡೆಯನ್ನು ಕೋಟೆಗೆ ಎತ್ತುವಷ್ಟು ಶಕ್ತಿ ಇದೆ.

ಮತ್ತೆ ಮನುಷ್ಯ ಯಾಕೆ ಎತ್ತಲಾರ? ಬರಿಗೈಯಲ್ಲಿ ಎತ್ತಲು ಅವನ ಬಲ ಸಾಲದು. ರಾಟೆ ಹಾಕಿ ಬಲ ಹೊಂದಿಸಿಕೊಂಡರೂ ವೇಗ ಸಾಲದು. ನಿಮ್ಮ ಮಂತ್ರವಾದಿ ಮೂರು ಸೆಕೆಂಡಿನಲ್ಲಿ ಎತ್ತಿದ ಅಂತ ಬರೆದಿದ್ದರೆ ಅವನ ಸಾಮರ್ಥ್ಯ ಸಾವಿರದ ಮುನ್ನೂರು ಎಚ್‌ಪಿ ದಾಟುತ್ತದೆ. ನಮ್ಮ ಕಡೆ ಬೋರ್‌ವೆಲ್‌ಗೆ ಹಾಕುವ ಹತ್ತು ಎಚ್‌ಪಿ ಮೋಟರಿಗೆ ಅದೇ ಕೆಲಸ ಕೊಟ್ಟರೆ ಆರೂವರೆ ನಿಮಿಷ ಬೇಕು. ಈಗ ನಿಮ್ಮ ಕಥೆಗೆ ಒಂದು ದಾರಿ ಸಿಕ್ಕಿತು. ನಿಮ್ಮ ನಾಡಿನಲ್ಲಿ ಮಂತ್ರ ಕೊಡುವುದು ಶಕ್ತಿಯನ್ನಾ, ವೇಗವನ್ನಾ? ವೇಗವನ್ನು ಮಾತ್ರ ಕೊಡುತ್ತದೆ, ಬಂಡವಾಳ ಮಂತ್ರವಾದಿಯ ಹೊಟ್ಟೆಯಿಂದಲೇ ಹೋಗಬೇಕು ಅಂದರೆ ಬೇರೆ ಕಥೆ. ಆಗ ಕೋಟೆ ಕಟ್ಟುವ ರಾಜ ಮೊದಲು ರಾಗಿ ಕಣಜ ತುಂಬಿಸಬೇಕು. ಬರಗಾಲದಲ್ಲಿ ಮಂತ್ರ ನಡೆಯಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸಕ್ಕೆ ಹಾಕುತ್ತವೆ. ಮುಕ್ಕಾಲು ಭಾಗ ಶಾಖವಾಗಿ ಹೋಗುತ್ತದೆ. ಬೆಟ್ಟ ಹತ್ತಿದಾಗ ಬೆವರುವುದು ಅದಕ್ಕೇ. ಮಂತ್ರವಾದಿಯ ಮೈಯೂ ಹಾಗೇ ಇದ್ದರೆ, ಬಂಡೆಗೆ 700 ಕಿಲೋಕ್ಯಾಲೊರಿ ಹೋಗುವಾಗ ಅವನ ಮೈಯಲ್ಲಿ 2,100 ಉಳಿಯುತ್ತದೆ. ಅರವತ್ತು ಕೆಜಿ ಮನುಷ್ಯನ ಮೈ ಬಿಸಿ ಅಷ್ಟರಿಂದಲೇ ನಲವತ್ತು ಡಿಗ್ರಿಗೂ ಜಾಸ್ತಿ ಏರುತ್ತದೆ. ಅವನು ಬದುಕುವುದಿಲ್ಲ. ಬದುಕಬೇಕಾದರೆ ಶಾಖ ಎಲ್ಲಾದರೂ ಹೋಗಬೇಕು. ನನ್ನನ್ನು ಕೇಳಿದರೆ ಅವನನ್ನು ಕಲ್ಯಾಣಿಯಲ್ಲಿ ಕುತ್ತಿಗೆವರೆಗೆ ನೀರಿನಲ್ಲಿ ಕೂರಿಸುತ್ತೇನೆ. ಬಂಡೆ ಏಳುತ್ತಿದ್ದಂತೆ ಅವನ ಮೈಸುತ್ತಲ ನೀರು ಬೆಚ್ಚಗಾಗುತ್ತದೆ, ಪಕ್ಕದಲ್ಲೇ ನೀರಿಗೆ ಕೈಯಿಟ್ಟ ಶಿಷ್ಯೆಗೆ ಆ ಬಿಸಿ ತಟ್ಟುತ್ತದೆ. ಆಗ ನಿಮ್ಮ ನಾಡಿನ ಪ್ರತಿ ಕೋಟೆಗೂ ಯಾಕೆ ಒಂದು ಕಲ್ಯಾಣಿ ಇದೆ ಅಂತ ಓದುಗರಿಗೆ ನೀವು ಹೇಳಲೇಬೇಕಾಗಿಲ್ಲ. ‘ಶಕ್ತಿ’ ಅನ್ನುವ ಪದವನ್ನು ಗೌರವಿಸಿದ್ದಕ್ಕೆ ಅದು ನಿಮಗೆ ಒಂದು ಇಡೀ ದೃಶ್ಯ ಕೊಟ್ಟಿತು.

ಈ ಲೆಕ್ಕ ಮಾಡಲು ನಮಗೆ ಆಗುತ್ತಿರುವುದು ಇಂಗ್ಲೆಂಡಿನ ವಿಜ್ಞಾನಿ ಜೂಲ್ ಅವರಂಥವರ ಶ್ರಮದಿಂದ. 1840ರ ದಶಕದಲ್ಲಿ ಅವರು ತೂಕಗಳನ್ನು ಕೆಳಗೆ ಬಿಟ್ಟು, ಅದರಿಂದ ನೀರು ಕಡೆಸಿ, ನೀರು ಎಷ್ಟು ಬಿಸಿಯಾಯಿತು ಅಂತ ಮತ್ತೆ ಮತ್ತೆ ಅಳೆದರು. ಬೀಳುವ ತೂಕ ಮತ್ತು ಬಿಸಿ ನೀರು ಒಂದೇ ಖಾತೆಯ ಎರಡು ಬಾಬತ್ತು ಅಂತ ಗೊತ್ತಾಗಿದ್ದು ಹಾಗೆ. ಈ ಅರ್ಥದ ‘ಎನರ್ಜಿ’ ಹಬೆ ಯಂತ್ರಗಳ ಕಾಲದ್ದು. ಕರೆಂಟೂ ಇಲ್ಲದ, ಯಂತ್ರವೂ ಇಲ್ಲದ ನಿಮ್ಮ ನಾಡಿನಲ್ಲಿ ಆ ಪದ ಯಾರ ಬಾಯಿಂದ ಬಂತು? ಇದನ್ನು ನೀವು ಕೇಳಿಕೊಳ್ಳಬೇಕು. ಕೆಜಿಎಫ್‌ಗೆ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು 1902ರಲ್ಲಿ. ಆ ತಂತಿಯ ಜೊತೆಗೇ ಎಷ್ಟೋ ಪದಗಳು ನಮ್ಮ ಜಿಲ್ಲೆಗೆ ಬಂದವು. ಪದ ಒಂದೇ ಬರುವುದಿಲ್ಲ, ಅದರ ಸಾಮಾನೂ ಜೊತೆಗೆ ಬರುತ್ತದೆ.

‘ಗುರುತ್ವವನ್ನು ನಿಲ್ಲಿಸಿದೆ’ ಅನ್ನುವುದು ಕೇಳಲು ಸುಲಭ. ನಿಲ್ಲಿಸಿದರೆ ಬಂಡೆಯ ತೂಕ ಹೋಗುತ್ತದೆ. ದ್ರವ್ಯರಾಶಿ, ಅಂದರೆ ಅದರಲ್ಲಿರುವ ವಸ್ತುವಿನ ಪ್ರಮಾಣ, ಹೋಗುವುದಿಲ್ಲ. ತೇಲುವ ಹತ್ತು ಟನ್ ಬಂಡೆಯನ್ನು ಮಗುವೊಂದು ಬೆರಳಲ್ಲಿ ತಳ್ಳಬಹುದು, ಅದು ತುಂಬಾ ನಿಧಾನವಾಗಿ ಕದಲುತ್ತದೆ. ಕದಲಿದ ಮೇಲೆ ನಿಲ್ಲಿಸುವುದು ಅಷ್ಟೇ ಕಷ್ಟ. ಗೋಡೆಗೆ ಒರಗಿದವನು ನಡುವೆ ಸಿಕ್ಕರೆ ಅಪ್ಪಚ್ಚಿ. ಅಷ್ಟೇ ಅಲ್ಲ. ಆ ಒಂದು ಬಂಡೆಗೆ ಮಾತ್ರ ಭೂಮಿಯ ಸೆಳೆತ ತಪ್ಪಿದರೆ ಅದು ಸುಮ್ಮನೆ ನಿಂತಲ್ಲೇ ನಿಲ್ಲುವುದೂ ಇಲ್ಲ. ನಮ್ಮ ಕೋಲಾರ ಭೂಮಿಯ ಜೊತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಸೆಳೆತ ತಪ್ಪಿದ ಬಂಡೆ ನೇರ ಹೋಗಲು ನೋಡುತ್ತದೆ, ನೆಲ ಅದರಡಿ ಬಾಗಿಕೊಂಡು ಹೋಗುತ್ತದೆ. ನಮ್ಮ ಕಣ್ಣಿಗೆ ಅದು ತಾನಾಗಿ ಮೇಲೇಳುತ್ತಿರುವಂತೆ ಕಾಣುತ್ತದೆ. ಮೊದಲ ಹತ್ತು ಸೆಕೆಂಡಿಗೆ ಒಂದೂವರೆ, ಎರಡು ಮೀಟರ್ ಅಷ್ಟೇ. ಸದ್ದಿಲ್ಲದೆ, ಯಾರೂ ಮುಟ್ಟದೆ, ಮೆಲ್ಲಗೆ. ‘ಢಮಾರ್’ ಅಂತ ಹಾರುವ ಬಂಡೆಗಿಂತ ಇದು ನನಗೆ ಹೆಚ್ಚು ಮೈ ಜುಮ್ಮೆನ್ನಿಸುತ್ತದೆ.

ಇನ್ನು ‘ಕ್ವಾಂಟಮ್’. ಪಾಪ, ಇಷ್ಟು ಸರಳವಾದ ಪದಕ್ಕೆ ಇಷ್ಟು ದೊಡ್ಡ ಮುಖವಾಡ ಯಾಕೆ ಬಂತೋ. 1900ರ ಡಿಸೆಂಬರಿನಲ್ಲಿ ಜರ್ಮನಿಯ ವಿಜ್ಞಾನಿ ಪ್ಲಾಂಕ್ ಹೇಳಿದ್ದರ ಹುರುಳು ಇಷ್ಟು: ಕಾದ ವಸ್ತು ಬೆಳಕಿನ ರೂಪದಲ್ಲಿ ಕೊಡುವ ಶಕ್ತಿಯನ್ನು ಸಣ್ಣ ಸಣ್ಣ ಕಂತುಗಳಾಗಿ ಎಣಿಸಿದರೆ ಮಾತ್ರ ಲೆಕ್ಕ ಹೊಂದುತ್ತದೆ. ನಮ್ಮ ಡೇರಿಗೆ ಹಾಲು ಹಾಕುವಾಗ ಎಷ್ಟಾದರೂ ಹಾಕಬಹುದು, ಅಳತೆಯಲ್ಲಿ ಬರೆದುಕೊಳ್ಳುತ್ತಾರೆ. ಅದೇ ಹಾಲು ಅಂಗಡಿಯಲ್ಲಿ ಪ್ಯಾಕೆಟ್ ಆಗಿ ಬರುತ್ತದೆ. ಅರ್ಧ ಲೀಟರ್ ಪ್ಯಾಕೆಟ್ ಮಾತ್ರ ಇದ್ದರೆ ಮುನ್ನೂರು ಎಂಎಲ್ ಕೊಡಿ ಅನ್ನೋಕೆ ಆಗಲ್ಲ. ಕ್ವಾಂಟಮ್ ಅಂದರೆ ಆ ಪ್ಯಾಕೆಟ್. ಅದಕ್ಕಿಂತ ಸಣ್ಣದು ಸಿಗಲ್ಲ ಅನ್ನುವುದೇ ಅದರ ‘ಆಗಲ್ಲ’. ಮುಂದೆ ಅದರಿಂದ ವಿಚಿತ್ರವಾದ ಎಷ್ಟೋ ಸಂಗತಿಗಳು ಹೊರಬಂದವು, ನಿಜ. ಆದರೆ ಪದದ ಬೇರು ಎಣಿಕೆಯಲ್ಲಿದೆ, ಮಾಯೆಯಲ್ಲಿಲ್ಲ. ನಿಮ್ಮ ನಾಡಿನಲ್ಲಿ ಮಂತ್ರವನ್ನು ಅರ್ಧಕ್ಕೆ ನಿಲ್ಲಿಸೋಕೆ ಆಗಲ್ಲ, ಒಂದು, ಎರಡು, ಮೂರು ಅಂತ ಇಡಿಯಾಗಿಯೇ ಹಾಕಬೇಕು ಅಂತ ನಿಯಮ ಇಡಿ. ಆಗ ‘ಕ್ವಾಂಟಮ್’ ಅಂತ ಒಂದು ಸಲವೂ ಬರೆಯದೆ ಕ್ವಾಂಟಮ್ ನಿಮ್ಮ ಕಥೆಯಲ್ಲಿರುತ್ತದೆ.

‘ಫ್ರೀಕ್ವೆನ್ಸಿ ಹೆಚ್ಚಿಸಿದೆ’ ಅಂದರೆ ನನ್ನ ಪ್ರಶ್ನೆ ಒಂದೇ. ಯಾವುದರದ್ದು? ಸೆಕೆಂಡಿಗೆ ಎಷ್ಟು ಸಲ, ಏನು ಅಲ್ಲಾಡುತ್ತಿದೆ? ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಉತ್ತರ ಇದೆ. ಗೌರಿಬಿದನೂರಿನ ಹತ್ತಿರ ಟಿ ಆಕಾರದಲ್ಲಿ ಒಂದು ರೇಡಿಯೊ ದೂರದರ್ಶಕ ಇತ್ತು. ಸಾವಿರ ಆಂಟೆನಾ ಹೊಲದಂತೆ ಹರಡಿಕೊಂಡು ನಿಂತಿದ್ದವು, ಉದ್ದದ ಕೈ 1.4 ಕಿ.ಮೀ. ಅದು ಆಕಾಶದಿಂದ 34.5 ಮೆಗಾಹರ್ಟ್ಸ್‌ನಲ್ಲಿ ಬರುವ ಅಲೆಗಳನ್ನು ಕೇಳುತ್ತಿತ್ತು. ಸೆಕೆಂಡಿಗೆ ಮೂರೂವರೆ ಕೋಟಿ ಸಲದ ಹತ್ತಿರ, ಒಂದೊಂದು ಅಲೆಯ ಉದ್ದ ಸುಮಾರು 8.7 ಮೀಟರ್. ಅದೇ ಊರಿನ ಬಳಿ ನೆಲದ ಕಂಪನ ಅಳೆಯುವ ಸಾಧನಗಳ ಸಾಲೂ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ಅದನ್ನು 1960ರ ದಶಕದಲ್ಲಿ ಹಾಕಿತು. ದೂರದ ದೇಶದಲ್ಲಿ ನೆಲದಡಿ ಬಾಂಬ್ ಸಿಡಿಸಿದರೂ ಅದರ ನಡುಕ ಇಲ್ಲಿ ಸಿಗುತ್ತದೆ. ‘ಪಾಸಿಟಿವ್ ವೈಬ್ರೇಶನ್’ ಅನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಗೌರಿಬಿದನೂರು ನೆನಪಾಗುತ್ತದೆ. ಅಲ್ಲಿ ಕಂಪನ ಅಂದರೆ ಯಾವ ದಿಕ್ಕಿನಿಂದ, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡದು ಅಂತ ಹೇಳಬೇಕು.

ಕನ್ನಡದಲ್ಲಿ ಫ್ರೀಕ್ವೆನ್ಸಿಗೆ ಆವೃತ್ತಿ, ಆವರ್ತನ ಅಂತೆಲ್ಲ ಇದೆ. ಪುಸ್ತಕದ ಎರಡನೇ ಮುದ್ರಣವೂ ಆವೃತ್ತಿ, ತಾಳದ ಒಂದು ಸುತ್ತೂ ಆವರ್ತನ. ಕಥೆಗೆ ತಾಳದ ಆವರ್ತನ ಎಷ್ಟು ಚೆಂದ ಹೊಂದುತ್ತದೆ ನೋಡಿ. ನಿಮ್ಮ ಮಂತ್ರವಾದಿ ಕೈಯಲ್ಲಿ ತಾಳ ಹಾಕುತ್ತಾ ಕಾಲ ಹೆಚ್ಚಿಸಲಿ. ಶಿಷ್ಯೆ ಎಣಿಸಲಿ. ಅದು ನಿಜವಾದ ಫ್ರೀಕ್ವೆನ್ಸಿ.

‘ಕಾಸ್ಮಿಕ್ ಎನರ್ಜಿ’ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಎದೆ ತುಂಬುತ್ತದೆ. ಯಾಕೆಂದರೆ ಕಾಸ್ಮಿಕ್ ಕಿರಣಗಳ ಬಗ್ಗೆ ಜಗತ್ತು ಕಲಿತದ್ದರಲ್ಲಿ ನಮ್ಮ ಕೋಲಾರ ಜಿಲ್ಲೆಯ ಪಾಲು ದೊಡ್ಡದು. ಆಕಾಶದಿಂದ ಬರುವ ಈ ಕಣಗಳಿಂದ ಹುಟ್ಟಿದ ಮ್ಯೂಆನ್ ಅನ್ನುವ ಇನ್ನೊಂದು ಬಗೆಯ ಕಣಗಳು ಈಗಲೂ ನಿಮ್ಮ ಅಂಗೈ ಮೂಲಕ ನಿಮಿಷಕ್ಕೆ ಸುಮಾರು ನೂರರ ಲೆಕ್ಕದಲ್ಲಿ ಹಾದುಹೋಗುತ್ತಿವೆ. ಎಳೆದುಕೊಳ್ಳಬೇಕಾಗಿಲ್ಲ, ತಾವಾಗಿಯೇ ಬರುತ್ತವೆ. ಅದರಿಂದ ಬಂಡೆ ಏಳುವುದಿಲ್ಲ, ಅಂಗೈಗೆ ಗೊತ್ತೂ ಆಗುವುದಿಲ್ಲ. ಇವು ನೆಲದೊಳಗೆ ಎಷ್ಟು ಆಳ ಹೋಗುತ್ತವೆ ಅಂತ ಅಳೆಯಲು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದಿಂದ ಕೆಜಿಎಫ್ ಗಣಿಗೆ ಇಳಿದರು. ಆಳಕ್ಕೆ ಹೋದಷ್ಟೂ ಕಣಗಳು ಕಡಿಮೆಯಾದವು. ಆ ನಿಶ್ಶಬ್ದವೇ ಬೇಕಾಗಿತ್ತು. 1965ರಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ಕಾಸ್ಮಿಕ್ ಕಿರಣಗಳು ವಾತಾವರಣದಲ್ಲಿ ಹುಟ್ಟಿಸಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಇಡೀ ಭೂಮಿಯನ್ನೇ ಗಾಳಿಯಂತೆ ದಾಟಿಹೋಗುವ ಕಣ ಅದು. ಮಂತ್ರದ ಕಥೆಗೆ ಇದಕ್ಕಿಂತ ಒಳ್ಳೆಯ ಬೀಜ ಬೇಕಾ? ಬೆಳಕು ಹುಡುಕಲು ಕತ್ತಲಿಗೆ ಇಳಿಯುವ ಜನ, ಬಾಗಿಲೇ ಇಲ್ಲದೆ ಬೆಟ್ಟ ದಾಟುವ ಅತಿಥಿ. ಗಣಿ 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿತು. ಕೆಜಿಎಫ್ ಅಂದರೆ ಚಿನ್ನ ಮಾತ್ರ ಅಂದುಕೊಂಡ ಮಕ್ಕಳಿಗೆ ನಾನು ಪ್ರತಿ ವರ್ಷ ಇದನ್ನು ಹೇಳುತ್ತಿದ್ದೆ.

ನಾನು ಪದಗಳ ಬಗ್ಗೆ ಇಷ್ಟು ಪಟ್ಟು ಹಿಡಿಯುವುದಕ್ಕೆ ಕಥೆಯ ಹೊರಗಿನ ಕಾರಣವೂ ಒಂದಿದೆ. ಕೆಲವು ವರ್ಷದ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರು ಮಂಡಿನೋವಿಗೆ ಅಂತ ಕತ್ತಿಗೆ ಒಂದು ಕಪ್ಪು ಬಿಲ್ಲೆ ಹಾಕಿಕೊಂಡು ಬಂದರು. ಯಾರೋ ಮನೆ ಬಾಗಿಲಿಗೆ ಬಂದು ‘ಕ್ವಾಂಟಮ್ ಎನರ್ಜಿ’ ಅಂತ ಹೇಳಿ ಮಾರಿದ್ದರು. ಒಂದು ತಿಂಗಳ ಪಿಂಚಣಿಯಲ್ಲಿ ದೊಡ್ಡ ಪಾಲು ಅದಕ್ಕೆ ಹೋಗಿತ್ತು. ನೋವು ಹೋಗಲಿಲ್ಲ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಬಿಲ್ಲೆ, ಬಳೆಗಳನ್ನು ಪರೀಕ್ಷಿಸಿತು. ಹತ್ತು ವಸ್ತುಗಳು ವಿಕಿರಣ ಸೂಸುತ್ತಿವೆ, ಹಾಕಿಕೊಳ್ಳಬೇಡಿ ಅಂತ ಎಚ್ಚರಿಸಿತು. ‘ಎನರ್ಜಿ’ ಇತ್ತು, ಆದರೆ ಮೈಗೆ ಬೇಡವಾದದ್ದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಅವರೂ ಭೌತಶಾಸ್ತ್ರದ ಮೇಷ್ಟ್ರು. ನಮ್ಮ ಕಡೆಯ ಮೇಷ್ಟ್ರುಗಳಿಗೆ ಈ ವಿಷಯದಲ್ಲಿ ಸುಮ್ಮನಿರಲು ಆಗದಿರುವುದಕ್ಕೆ ಅವರೂ ಒಂದು ಕಾರಣ.

ಹಾಗಂತ ನಿಮ್ಮ ಕಾದಂಬರಿ ಆ ಬಿಲ್ಲೆ ಮಾರುವವನಂತೆ ಅಂತ ನಾನು ಹೇಳುತ್ತಿಲ್ಲ. ನೀವು ಕಥೆ ಅಂತ ಹೇಳಿಯೇ ಕಥೆ ಹೇಳುತ್ತಿದ್ದೀರಿ. ಅದು ಪ್ರಾಮಾಣಿಕ ಕೆಲಸ. ಇನ್ನೊಂದು ಭೇದವೂ ಇದೆ. ತಪ್ಪು ಪದ ಪಾತ್ರದ ಬಾಯಲ್ಲಿ ಬಂದರೆ ಅದು ಪಾತ್ರದ ಗುಣ ಆಗಬಹುದು. ಜನರನ್ನು ಬೆರಗುಗೊಳಿಸಲು ದೊಡ್ಡ ಪದ ಉದುರಿಸುವ ಆಸ್ಥಾನ ಪಂಡಿತ ಇರಲಿ, ಅಡ್ಡಿಯಿಲ್ಲ. ಕಥೆ ಹೇಳುವವರ ದನಿಯಲ್ಲೇ ಅದು ಬಂದರೆ ಮಾತ್ರ ಓದುಗರಿಗೆ ನಿಲ್ಲಲು ನೆಲ ಇರುವುದಿಲ್ಲ.

ಈಗ ಕನ್ನಡದ ಪದಗಳು ಕಲಸಿಹೋಗುವ ವಿಷಯ. ಇದು ನಿಜವಾದ ತೊಂದರೆ. ‘ಧಾತು’ ನೋಡಿ. ರಸಾಯನಶಾಸ್ತ್ರದಲ್ಲಿ ಚಿನ್ನ, ಕಬ್ಬಿಣ, ಗಂಧಕ ಧಾತುಗಳು. ಈವರೆಗೆ ಗೊತ್ತಿರುವುದು 118. ಆಯುರ್ವೇದದಲ್ಲಿ ರಸ, ರಕ್ತ, ಮಾಂಸ ಅಂತ ಏಳು ಧಾತುಗಳು. ವ್ಯಾಕರಣದಲ್ಲಿ ಕ್ರಿಯಾಪದದ ಮೂಲ ಧಾತು. ಮೂರೂ ಅವರವರ ಜಗಲಿಯಲ್ಲಿ ಸರಿ. ನಿಮ್ಮ ಮಂತ್ರವಾದಿ ‘ಐದು ಧಾತುಗಳು’ ಅಂದರೆ ಮಾತ್ರ ಯಾವ ಜಗಲಿಯದೂ ಅಲ್ಲ. ಅವನಿಗೆ ಬೇಕಾಗಿರುವುದು ಪಂಚಭೂತ. ಅದನ್ನೇ ಅನ್ನಲಿ, ಎಷ್ಟು ಗಟ್ಟಿ ಪದ ಅದು! ‘ಅಣು’ವೂ ಹಾಗೇ. ಪಠ್ಯದಲ್ಲಿ ಅಣು ಬೇರೆ, ಪರಮಾಣು ಬೇರೆ. ಪರಮಾಣುಗಳು ಸೇರಿ ಅಣು. ಆದರೆ ಪತ್ರಿಕೆಗಳಲ್ಲಿ ಅಣುಬಾಂಬ್, ಅಣುಸ್ಥಾವರ ಅಂತಲೇ ನಡೆದುಬಂದಿದೆ. ನಿಜಕ್ಕೂ ಅಲ್ಲಿ ಒಡೆಯುವುದು ಪರಮಾಣುವಿನ ನಡುವಿನ ಬೀಜ. ಇದನ್ನು ಇನ್ನು ತಿದ್ದಲು ಆಗಲ್ಲ, ತಿದ್ದಬೇಕಾಗಿಯೂ ಇಲ್ಲ.

ನಿಮ್ಮ ನಾಡಿನ ರಸವಾದಿ ಕಬ್ಬಿಣವನ್ನು ಚಿನ್ನ ಮಾಡುತ್ತಾನೆ ಅಂತ ಬರೆದಿದ್ದರೆ ಅದೂ ಇರಲಿ. ‘ರಾಸಾಯನಿಕ ಕ್ರಿಯೆಯಿಂದ’ ಅಂತ ಮಾತ್ರ ಸೇರಿಸಬೇಡಿ. ಕಬ್ಬಿಣದ ಬೀಜದಲ್ಲಿ 26 ಪ್ರೋಟಾನ್, ಚಿನ್ನದಲ್ಲಿ 79. ರಾಸಾಯನಿಕ ಕ್ರಿಯೆ ಆ ಬೀಜವನ್ನು ಮುಟ್ಟುವುದೇ ಇಲ್ಲ. ಪರುಷಮಣಿ ಮುಟ್ಟಿಸಿದ, ಚಿನ್ನ ಆಯಿತು ಅಂದರೆ ಸಾಕು.

ಹೆಸರಿನೊಳಗೆ ಹಳೆಯ ನಂಬಿಕೆಗಳೂ ಅಡಗಿರುತ್ತವೆ. ನನಗೆ ತುಂಬ ಇಷ್ಟವಾದ ಉದಾಹರಣೆ ‘ಆಮ್ಲಜನಕ’. ಆಮ್ಲವನ್ನು ಹುಟ್ಟಿಸುವುದು ಅಂತ ಅರ್ಥ. ಎಲ್ಲ ಆಮ್ಲಗಳಲ್ಲೂ ಇದು ಇರಲೇಬೇಕು ಅಂತ ನಂಬಿ ಫ್ರಾನ್ಸಿನ ಲವಾಸಿಯೆ ಹದಿನೆಂಟನೇ ಶತಮಾನದಲ್ಲಿ ‘ಆಕ್ಸಿಜನ್’ ಅಂತ ಹೆಸರಿಟ್ಟರು. ಆ ನಂಬಿಕೆ ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಆದರೂ ಅವರ ತಪ್ಪು ಹೆಸರಿನಲ್ಲಿ ಉಳಿಯಿತು, ನಾವು ಅದನ್ನು ನಿಷ್ಠೆಯಿಂದ ಕನ್ನಡಕ್ಕೂ ತಂದುಕೊಂಡೆವು. ನಿಮ್ಮ ನಾಡಿನ ವೈದ್ಯ ‘ಆಮ್ಲಜನಕ ಸಾಲುತ್ತಿಲ್ಲ’ ಅಂದರೆ ಅವನ ಹಿಂದೆ ಲವಾಸಿಯೆ ನಿಂತಿರುತ್ತಾರೆ. ‘ಉಸಿರುಗಾಳಿ ಸಾಲುತ್ತಿಲ್ಲ’ ಅಂದರೆ ಅವನೊಬ್ಬನೇ. ಕೆಜಿಎಫ್‌ನಲ್ಲೂ ಇಂಥದ್ದಿತ್ತು. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು, ಮೇಲೆ ಮನೆಗಳೂ ಅದುರುತ್ತಿದ್ದವು. ಹಳೆಯ ಕಾಲದಲ್ಲಿ ಅದನ್ನು ‘ಏರ್ ಬ್ಲಾಸ್ಟ್’ ಅನ್ನುತ್ತಿದ್ದರು. ಸಿಡಿಯುವುದು ಗಾಳಿಯಲ್ಲ, ಬಂಡೆಯೇ. ಆಮೇಲೆ ಹೆಸರು ‘ರಾಕ್ ಬರ್ಸ್ಟ್’ ಆಯಿತು. ನಿಮ್ಮ ನಾಡಿನಲ್ಲೂ ಇಂಥ ಹಳೆಯ ತಪ್ಪು ಹೆಸರೊಂದು ಇರಲಿ. ಶಿಷ್ಯೆ ದೊಡ್ಡವಳಾದ ಮೇಲೆ ಅದು ಯಾಕೆ ತಪ್ಪು ಅಂತ ಕಂಡುಹಿಡಿಯಲಿ. ಒಂದು ಇಡೀ ಭಾಗಕ್ಕೆ ಸಾಕಾಗುವಷ್ಟು ಕಥೆ ಅದರಲ್ಲಿದೆ.

ಹೊಸ ಪದ ಬೇಕು ಅಂದಾಗ ಸಂಸ್ಕೃತದ ನಿಘಂಟು ತೆಗೆಯಬೇಡಿ. ನಿಮ್ಮ ಮನೆಯ ಕೆಲಸವನ್ನೇ ನೋಡಿ. ಗೂಡು, ಎಳೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಗೂಡು ಕಟ್ಟಲು ತಯಾರಾದ ‘ಹಣ್ಣಾದ ಹುಳ’, ಜ್ವರ. ನೂಲಿನ ಡೆನಿಯರ್ ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಕೆಲಸ ಮಾಡುವವರಿಗೆ ಬೇಕಾಗಿ ಹುಟ್ಟಿದ ಅಳತೆ ಅದು. ನಿಮ್ಮ ಮಂತ್ರವನ್ನೂ ಎಳೆಯಲ್ಲಿ ಅಳೆಯಿರಿ. ಒಂದೆಳೆ ಮಂತ್ರಕ್ಕೆ ಏನಾಗುತ್ತದೆ, ಏಳೆಳೆಗೆ ಏನಾಗುತ್ತದೆ, ಎಳೆ ಕಡಿದರೆ ಯಾರಿಗೆ ಪೆಟ್ಟು ಅಂತ ನೀವೇ ಗೊತ್ತು ಮಾಡಿ. ಒಮ್ಮೆ ಗೊತ್ತು ಮಾಡಿದ ಮೇಲೆ ಕಥೆಯ ಅನುಕೂಲಕ್ಕೆ ಬದಲಿಸಬೇಡಿ. ಆ ಪದಕ್ಕೂ ಒಂದು ‘ಆಗಲ್ಲ’ ಕೊಟ್ಟರೆ ಅದು ನಿಮ್ಮ ನಾಡಿನ ವಿಜ್ಞಾನದ ಪದವೇ ಆಗುತ್ತದೆ.

ನಾನಾಗಿದ್ದರೆ ಆ ಭಾಗವನ್ನು ಹೀಗೆ ಬರೆಯುತ್ತಿದ್ದೆ. ನಾನು ಕಥೆಗಾರನಲ್ಲ, ನೀವು ತಿದ್ದಿಕೊಳ್ಳಿ:

‘ಹೇಗೆ ಎತ್ತಿದಿರಿ ಗುರುಗಳೇ?’ ಶಿಷ್ಯೆ ಕೇಳಿದಳು. ಅವನು ಕಲ್ಯಾಣಿಯಿಂದ ತಲೆ ಎತ್ತಲಿಲ್ಲ. ಅವನ ಸುತ್ತಲ ನೀರು ಇನ್ನೂ ಬೆಚ್ಚಗಿತ್ತು. ‘ಹನ್ನೆರಡು ಎಳೆ ಬಿಚ್ಚಿದೆ. ಹದಿಮೂರು ಆಗಲ್ಲ. ಈಗ ನನಗೆ ಜ್ವರ. ನಾಳೆವರೆಗೂ ಅನ್ನ ಕೊಡಬೇಡ, ಮಾತಾಡಿಸಬೇಡ.’

ನಿಮ್ಮೂರಿನವರು ಈ ‘ಜ್ವರ’ವನ್ನು ಓದಿದ ಕೂಡಲೇ ಅವನು ನಾಳೆ ಪೊರೆ ಬಿಟ್ಟು ಏಳುತ್ತಾನೆ ಅಂತ ತಿಳಿದುಕೊಳ್ಳುತ್ತಾರೆ. ಬೇರೆಯವರಿಗೆ ಮೈ ಬಿಸಿ ಅಂತ ತೋಚುತ್ತದೆ, ಅದೂ ಸರಿಯೇ. ಪುಸ್ತಕದ ಕೊನೆಗೆ ಪದಗಳ ಅರ್ಥದ ಪಟ್ಟಿ ಬೇಡ. ನಿಮ್ಮ ಗೆಳತಿಗೆ ಮತ್ತೊಮ್ಮೆ ಓದಲು ಕೊಡಿ. ಅವಳು ಎಲ್ಲಿ ನಿಲ್ಲುತ್ತಾಳೆ ಅಂತ ಗುರುತು ಹಾಕಿಕೊಳ್ಳಿ. ಆ ಜಾಗಗಳನ್ನು ನನಗೆ ಕಳಿಸಿದರೆ ಲೆಕ್ಕ ನೋಡಿಕೊಡುತ್ತೇನೆ. ಬಂಡೆಯ ತೂಕ, ಗೋಡೆಯ ಎತ್ತರ, ಕಲ್ಯಾಣಿಯಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಮಾತ್ರ ಮರೆಯದೆ ಬರೆಯಿರಿ.